ಪ್ರೌಢಶಾಲೆಯ ರಸಾಯನವಿಜ್ಞಾನ ಮತ್ತು ಸುಸ್ಥಿರ ಅಭಿವೃದ್ಧಿ: ಗದಗ ಸೀಮೆಯ ಬೋಧನೆ

ಪ್ರೌಢಶಾಲೆಯಲ್ಲಿ ರಸಾಯನವಿಜ್ಞಾನ ಕಲಿಸುವಾಗ ವಸ್ತುಗಳ ಗುಣ, ಕ್ರಿಯೆ, ಸಮೀಕರಣಗಳ ಜೊತೆಗೆ ಆ ವಸ್ತು ಎಲ್ಲಿಂದ ಬಂತು, ಬಳಸಿದ ಮೇಲೆ ಎಲ್ಲಿಗೆ ಹೋಯಿತು, ಮುಂದಿನವರಿಗೆ ಏನು ಉಳಿಯಿತು ಎಂಬುದನ್ನೂ ಪಾಠದ ಒಳಗೇ ತರುವ ಬೋಧನಕ್ರಮ. ಪಾಠ ಮುಗಿದ ಮೇಲೆ ಪರಿಸರ ಉಳಿಸಿ ಎಂದು ನಾಲ್ಕು ಮಾತು ಹೇಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ತಳಹದಿ ಒಂಬತ್ತನೆಯ ತರಗತಿಯ ಮಕ್ಕಳೆಲ್ಲ ಬಾಯಿಪಾಠ ಮಾಡುವ ದ್ರವ್ಯರಾಶಿ ಸಂರಕ್ಷಣಾ ನಿಯಮವೇ. ಕ್ರಿಯೆಯಲ್ಲಿ ದ್ರವ್ಯ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ. ಹಾಗಿದ್ದರೆ ನೀರಿನಿಂದ ತೆಗೆದ ಫ್ಲೋರೈಡ್, ಬಟ್ಟೆಗೆ ಹಿಡಿಯದ ಬಣ್ಣ, ಬೆಳೆ ಹೀರದ ಯೂರಿಯಾ ಎಲ್ಲವೂ ಎಲ್ಲೋ ಇರಲೇಬೇಕು. ಆ 'ಎಲ್ಲೋ' ಎಂಬುದನ್ನು ಹುಡುಕಿ ಲೆಕ್ಕ ಹಾಕುವುದೇ ಈ ಬೋಧನೆಯ ಜೀವಾಳ.

ಗದಗ ಜಿಲ್ಲೆಯ ದಕ್ಷಿಣ ಭಾಗ ಇದಕ್ಕೆ ಒಳ್ಳೆಯ ನೆಲೆ. ಗದಗ-ಬೆಟಗೇರಿ ಅವಳಿ ನಗರ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಊರುಗಳ ಸುತ್ತ ಎರೆ ಹೊಲ, ಮಸಾರಿ ನೆಲ, ಸವಳು ನೀರಿನ ಬಾವಿ, ಫ್ಲೋರೈಡ್ ಬೆರೆತ ಕೊಳವೆಬಾವಿ, ಅದಿರು ತುಂಬಿದ ಕಪ್ಪತಗುಡ್ಡ, ದಕ್ಷಿಣದ ಗಡಿಯಲ್ಲಿ ತುಂಗಭದ್ರೆ, ಕೈಮಗ್ಗದ ಕೇರಿಗಳು ಎಲ್ಲವೂ ಕೆಲವೇ ಹರದಾರಿಗಳಲ್ಲಿ ಸಿಗುತ್ತವೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ಹತ್ತನೆಯ ತರಗತಿಯ ರಸಾಯನವಿಜ್ಞಾನದ ಯಾವ ಅಧ್ಯಾಯಕ್ಕೂ ಹೊರಗಿನ ಉದಾಹರಣೆ ಬೇಕಾಗುವುದಿಲ್ಲ.

ಹಿನ್ನೆಲೆ

ಸುಸ್ಥಿರ ಅಭಿವೃದ್ಧಿಯ ಕಲ್ಪನೆ ಜಗತ್ತಿನಲ್ಲಿ ಬೇರೂರಿದ್ದು ವಿಶ್ವಸಂಸ್ಥೆಯ ಬ್ರುಂಟ್‌ಲ್ಯಾಂಡ್ ಆಯೋಗದ 1987ರ ವರದಿಯಿಂದ. 1992ರ ರಿಯೊ ಸಮ್ಮೇಳನ ಅದಕ್ಕೆ ಶಿಕ್ಷಣವನ್ನು ಜೋಡಿಸಿತು. 2005ರಿಂದ 2014ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಸುಸ್ಥಿರ ಅಭಿವೃದ್ಧಿಗಾಗಿ ಶಿಕ್ಷಣದ ದಶಕವೆಂದು ಆಚರಿಸಿತು. 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿಯ 17 ಗುರಿಗಳಲ್ಲಿ ನಾಲ್ಕನೆಯದಾದ ಗುಣಮಟ್ಟದ ಶಿಕ್ಷಣದ ಅಡಿ ಇದೂ ಒಂದು ಉಪಗುರಿ. ರಸಾಯನವಿಜ್ಞಾನದ ಒಳಗಿನಿಂದಲೇ ಹುಟ್ಟಿದ ಧಾರೆ ಇನ್ನೊಂದಿದೆ. ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನವಿಜ್ಞಾನದ 12 ತತ್ತ್ವಗಳನ್ನು ಮುಂದಿಟ್ಟರು. ಕಸ ಹುಟ್ಟಿದ ಮೇಲೆ ಶುದ್ಧಿ ಮಾಡುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಅವುಗಳಲ್ಲಿ ಮೊದಲನೆಯದು.

ಶಾಲೆಯಲ್ಲಿ ಇದನ್ನು ತರುವ ಬಗೆಗಳನ್ನು ಜರ್ಮನಿಯ ಇಂಗೊ ಐಲ್ಕ್ಸ್ ಮತ್ತು ಸಂಗಡಿಗರು 2012ರಲ್ಲಿ ನಾಲ್ಕಾಗಿ ವಿಂಗಡಿಸಿದರು. ಪ್ರಯೋಗಗಳನ್ನೇ ಕಡಿಮೆ ವಿಷ, ಕಡಿಮೆ ಕಸದ ರೀತಿಯಲ್ಲಿ ಮಾಡುವುದು ಒಂದು. ಸುಸ್ಥಿರ ತಂತ್ರಗಳನ್ನು ಪಾಠದ ವಿಷಯವಾಗಿ ಸೇರಿಸುವುದು ಎರಡು. ಊರಿನಲ್ಲಿ ವಾದಕ್ಕೆ ಬಿದ್ದ ಪ್ರಶ್ನೆಯನ್ನು ತರಗತಿಗೆ ತಂದು ಅದರ ಮೂಲಕ ರಸಾಯನವಿಜ್ಞಾನ ಕಲಿಸುವುದು ಮೂರು. ಇಡೀ ಶಾಲೆಯ ನಡೆವಳಿಕೆಯನ್ನೇ ಬದಲಿಸುವುದು ನಾಲ್ಕು. ಅದಕ್ಕೂ ಮುಂಚೆ ಸ್ಕಾಟ್ಲೆಂಡಿನ ಅಲೆಕ್ಸ್ ಜಾನ್‌ಸ್ಟನ್ ರಸಾಯನವಿಜ್ಞಾನದ ಕಲಿಕೆಯನ್ನು ಕಣ್ಣಿಗೆ ಕಾಣುವುದು, ಕಾಣದ ಕಣಗಳು, ಸಂಕೇತಗಳು ಎಂಬ ಮೂರು ಮೂಲೆಯ ತ್ರಿಕೋನವಾಗಿ ಬಿಡಿಸಿದ್ದರು. ಕೆನಡಾದ ಪೀಟರ್ ಮಹಾಫಿ ಅದಕ್ಕೆ ಮನುಷ್ಯನ ಬದುಕು ಎಂಬ ನಾಲ್ಕನೆಯ ಮೂಲೆ ಸೇರಿಸಿದರು.

ಭಾರತದಲ್ಲಿ ಎಂ. ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ತೀರ್ಪು ಪರಿಸರ ಶಿಕ್ಷಣವನ್ನು ಎಲ್ಲ ಹಂತದಲ್ಲೂ ಕಡ್ಡಾಯ ಮಾಡಲು ಹೇಳಿತು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಿಂದ 2002ರವರೆಗೆ ನಡೆದ ವಿಜ್ಞಾನ ಬೋಧನಾ ಕಾರ್ಯಕ್ರಮ ಹಳ್ಳಿಯ ಮಕ್ಕಳ ಕೈಗೇ ಪ್ರಯೋಗ ಕೊಟ್ಟು, ಸುತ್ತಲಿನ ವಸ್ತುಗಳಿಂದಲೇ ವಿಜ್ಞಾನ ಕಲಿಸಬಹುದೆಂದು ತೋರಿಸಿತ್ತು. ಆದರೆ ಪಠ್ಯದ ಚಲನೆ ಯಾವಾಗಲೂ ಮುಂದಕ್ಕೇ ಸಾಗಿಲ್ಲ. ಕರ್ನಾಟಕದ ಪ್ರೌಢಶಾಲೆಗಳು ಬಳಸುವ ವಿಜ್ಞಾನ ಪುಸ್ತಕಗಳಿಗೆ ಮೂಲವಾದ ಎನ್‌ಸಿಇಆರ್‌ಟಿ ಪಠ್ಯದಿಂದ 2022ರಲ್ಲಿ ಹೊರೆ ಇಳಿಸುವ ಕಾರಣ ಕೊಟ್ಟು ಹತ್ತನೆಯ ತರಗತಿಯ ಧಾತುಗಳ ಆವರ್ತನೀಯ ವರ್ಗೀಕರಣ, ಶಕ್ತಿಯ ಆಕರಗಳು, ನೈಸರ್ಗಿಕ ಸಂಪನ್ಮೂಲಗಳ ಸುಸ್ಥಿರ ನಿರ್ವಹಣೆ ಎಂಬ ಅಧ್ಯಾಯಗಳನ್ನು ಕೈಬಿಡಲಾಯಿತು. ಒಂಬತ್ತರ ನೈಸರ್ಗಿಕ ಸಂಪನ್ಮೂಲಗಳ ಅಧ್ಯಾಯವೂ ಹೋಯಿತು. ಇದು ದೊಡ್ಡ ನಷ್ಟ. ಉಳಿದ ಅಧ್ಯಾಯಗಳಾದ ರಾಸಾಯನಿಕ ಕ್ರಿಯೆಗಳು, ಆಮ್ಲ-ಪ್ರತ್ಯಾಮ್ಲ-ಲವಣ, ಲೋಹ-ಅಲೋಹ, ಕಾರ್ಬನ್ ಸಂಯುಕ್ತಗಳ ಒಳಗೇ ಸುಸ್ಥಿರತೆಯ ಪ್ರಶ್ನೆಯನ್ನು ಬೆಸೆಯುವ ಹೊಣೆ ಈಗ ಶಿಕ್ಷಕರ ಮೇಲೆ ಬಿದ್ದಿದೆ.

ನೀರು: ಮೊದಲ ಪ್ರಯೋಗಾಲಯ

ಈ ಸೀಮೆಯಲ್ಲಿ ನೀರಿನ ರಸಾಯನವಿಜ್ಞಾನ ಅಡುಗೆಮನೆಯಲ್ಲೇ ಶುರುವಾಗುತ್ತದೆ. 'ಈ ನೀರಾಗ ಬ್ಯಾಳಿ ಬೇಯಂಗಿಲ್ಲ' ಎಂದು ತಾಯಂದಿರು ಹೇಳುವ ಮಾತು ಸರಿಯಾದ ಅವಲೋಕನ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳು ಬೇಳೆಯ ಕೋಶಭಿತ್ತಿಯ ಪೆಕ್ಟಿನ್ ಜೊತೆ ಬೆಸೆದುಕೊಂಡು ಅದು ಕರಗದಂತೆ ಮಾಡುತ್ತವೆ. ಸಬೂನು ನೊರೆ ಬಿಡದೆ ಬಿಳಿ ಗಸಿಯಾಗುವುದೂ, ನೀರು ಕಾಯಿಸುವ ಹಂಡೆಯ ಒಳಗೆ ಸುಣ್ಣದ ಪದರ ಕಟ್ಟುವುದೂ ಇದೇ ಅಯಾನುಗಳಿಂದ. ಹಂಡೆಯ ಪದರವನ್ನು ಕೆರೆದು ಅದರ ಮೇಲೆ ನಿಂಬೆರಸ ಹಾಕಿದರೆ ಗುಳ್ಳೆ ಏಳುತ್ತದೆ. ಕಾರ್ಬನ್ ಡೈಆಕ್ಸೈಡ್ ಸುಣ್ಣದ ತಿಳಿನೀರನ್ನು ಹಾಲಿನ ಬಣ್ಣಕ್ಕೆ ತಿರುಗಿಸುವ ಪಠ್ಯದ ಪ್ರಯೋಗವನ್ನು ಇಲ್ಲಿಂದಲೇ ಮಾಡಬಹುದು. ಗಡಸುತನವನ್ನು ಅಳೆಯಲೂ ದುಬಾರಿ ಸಾಮಾನು ಬೇಡ. ಒಂದೇ ಅಳತೆಯ ಬಾಟಲಿಗಳಲ್ಲಿ ಬಾವಿ, ಕೊಳವೆಬಾವಿ, ನಳ, ಮಳೆ ನೀರು ಹಾಕಿ, ಸಬೂನಿನ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ, ಕುಲುಕಿದಾಗ ನಿಲ್ಲುವ ನೊರೆ ಬರಲು ಎಷ್ಟು ಹನಿ ಬೇಕಾಯಿತೆಂದು ಎಣಿಸಿದರೆ ಸಾಕು. ಅಂತರರಾಷ್ಟ್ರೀಯ ರಸಾಯನವಿಜ್ಞಾನ ವರ್ಷವಾದ 2011ರಲ್ಲಿ ಯುನೆಸ್ಕೊ ಮತ್ತು ಐಯುಪಿಎಸಿ ಜಗತ್ತಿನ ಶಾಲೆಗಳಿಂದ ಇದೇ ಬಗೆಯ ಸರಳ ಸಾಮಾನುಗಳಲ್ಲಿ ನೀರಿನ ಪಿಎಚ್ ಅಳೆಯಿಸಿ, ಶುದ್ಧೀಕರಣದ ಪ್ರಯೋಗ ಮಾಡಿಸಿದ್ದವು.

ಫ್ಲೋರೈಡ್‌ನ ಪಾಠ ಇದಕ್ಕಿಂತ ಕಠಿಣ, ಇದಕ್ಕಿಂತ ಅಗತ್ಯ. ಮುಂಡರಗಿ ತಾಲೂಕಿನ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಬಹುಕಾಲದ ಸಮಸ್ಯೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವಂಥದು. ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕೂ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ, ಪ್ರಮಾಣ ಏರಿದಂತೆ ಬೆನ್ನು, ಮೊಣಕಾಲು ಸೆಟೆಯುತ್ತವೆ. ಭಾರತದಲ್ಲಿ ಈ ರೋಗವನ್ನು ಮೊದಲು ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ತರಗತಿಯಲ್ಲಿ ಕಲೆಯಿರುವ ಹಲ್ಲಿನ ಮಕ್ಕಳು ಕುಳಿತಿರುವಾಗ ಈ ಪಾಠ ಮಾಡುವ ಶಿಕ್ಷಕರಿಗೆ ಎಚ್ಚರ ಬೇಕು. ಯಾವ ಮಗುವನ್ನೂ ನಿಲ್ಲಿಸಿ ಉದಾಹರಣೆಯಾಗಿ ತೋರಿಸಬಾರದು. ನೀರಿನ ಬಾಟಲಿಯನ್ನು ತೋರಿಸಿದರೆ ಪಾಠಕ್ಕೆ ಅಷ್ಟೇ ಸಾಕು.

ಫ್ಲೋರೈಡ್ ಬರುವುದು ಬಂಡೆಯಿಂದ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿನ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳೊಡನೆ ನೀರು ದೀರ್ಘ ಕಾಲ ಇದ್ದಾಗ ಅದು ಕರಗುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಕಡೆ ನೆಲದೊಳಗಿನ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಹೊರಬೀಳುತ್ತದೆ. ಕ್ಯಾಲ್ಸಿಯಂ ಕಡಿಮೆಯಾದ ನೀರು ಹೆಚ್ಚು ಫ್ಲೋರೈಡ್ ಹಿಡಿದಿಟ್ಟುಕೊಳ್ಳಬಲ್ಲದು, ಏಕೆಂದರೆ ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಸುಲಭವಾಗಿ ಕರಗದ ಲವಣ. ಇದರಿಂದ ಮಕ್ಕಳು ಸಾಮಾನ್ಯವಾಗಿ ಊಹಿಸದ ಒಂದು ಸಂಗತಿ ಹೊರಡುತ್ತದೆ. ಸಬೂನಿಗೆ ಚೆನ್ನಾಗಿ ನೊರೆ ಕೊಡುವ ಮೆತ್ತನೆಯ, ಕ್ಷಾರೀಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಇದೆ. ರುಚಿ, ಬಣ್ಣ, ವಾಸನೆಯಿಂದ ಅದು ತಿಳಿಯುವುದೇ ಇಲ್ಲ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಕುದಿಸಿದ ನೀರು ಎಲ್ಲ ದೋಷಕ್ಕೂ ಮದ್ದು ಎಂದು ಆರೋಗ್ಯ ಪಾಠದಲ್ಲಿ ಕಲಿತ ಮಕ್ಕಳಿಗೆ ರಸಾಯನವಿಜ್ಞಾನದ ತರಗತಿ ಇಲ್ಲಿ ಸ್ಪಷ್ಟವಾಗಿ ತಿದ್ದುಪಡಿ ಹೇಳಬೇಕು. ಕುದಿಸುವುದು ರೋಗಾಣುವಿಗೆ, ಕರಗಿದ ಲವಣಕ್ಕಲ್ಲ.

ಫ್ಲೋರೈಡ್ ತೆಗೆಯುವ ವಿಧಾನಗಳು ದ್ರವ್ಯರಾಶಿ ಸಂರಕ್ಷಣೆಯ ಒಳ್ಳೆಯ ಪಾಠಗಳು. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲಗೊಂಡ ವಿಧಾನದಲ್ಲಿ ನೀರಿಗೆ ಸುಣ್ಣ, ಪಟಕ, ಬ್ಲೀಚಿಂಗ್ ಪುಡಿ ಹಾಕುತ್ತಾರೆ. ಪಟಕದಿಂದ ಹುಟ್ಟುವ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಹತ್ತಿಯಂಥ ಗಸಿ ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಆ ಗಸಿಯನ್ನು ಬಾವಿಯ ಪಕ್ಕದಲ್ಲೇ ಚೆಲ್ಲಿದರೆ ತೆಗೆದದ್ದನ್ನು ಮತ್ತೆ ನೆಲಕ್ಕೇ ಕೊಟ್ಟಂತೆ. ಪಿಎಚ್ ತಪ್ಪಿದರೆ ಕುಡಿಯುವ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಈಗ ಹಳ್ಳಿಹಳ್ಳಿಯಲ್ಲಿ ಇರುವುದು ನಾಣ್ಯ ಹಾಕಿದರೆ 20 ಲೀಟರ್ ಕೊಡ ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕ. ಅದರ ಒಳಗಿನ ಆರ್‌ಒ ಪೊರೆ ಲವಣಗಳನ್ನು ತಡೆದು ಒಂದು ಪಾಲು ಶುದ್ಧ ನೀರನ್ನು ಈಚೆಗೆ ಬಿಡುತ್ತದೆ, ಉಳಿದ ಪಾಲು ಹೊರಹೋಗುತ್ತದೆ. ಹತ್ತನೆಯ ತರಗತಿಯ ಮಗು ಈ ಲೆಕ್ಕ ಮಾಡಬಲ್ಲದು. ಲೀಟರಿಗೆ 3 ಮಿ.ಗ್ರಾಂ ಫ್ಲೋರೈಡ್ ಇರುವ 100 ಲೀಟರ್ ನೀರು ಘಟಕಕ್ಕೆ ಹೋಯಿತು ಎಂದುಕೊಳ್ಳೋಣ, ಒಟ್ಟು 300 ಮಿ.ಗ್ರಾಂ. ಲೀಟರಿಗೆ 0.3 ಮಿ.ಗ್ರಾಂನಂತೆ 50 ಲೀಟರ್ ಶುದ್ಧ ನೀರು ಸಿಕ್ಕರೆ ಅದರಲ್ಲಿ ಹೋದದ್ದು 15 ಮಿ.ಗ್ರಾಂ ಮಾತ್ರ. ಉಳಿದ 285 ಮಿ.ಗ್ರಾಂ ಹೊರಬಿದ್ದ 50 ಲೀಟರಿನಲ್ಲಿದೆ, ಅಂದರೆ ಲೀಟರಿಗೆ 5.7 ಮಿ.ಗ್ರಾಂ. ಆ ನೀರು ಗಟಾರಿನಿಂದ ಎಲ್ಲಿಗೆ ಹೋಗುತ್ತದೆ, ದನಗಳು ಅದನ್ನೇ ಕುಡಿಯುತ್ತವೆಯೇ, ಇಂಗಿ ಅದೇ ಕೊಳವೆಬಾವಿಗೆ ಮರಳುತ್ತದೆಯೇ ಎಂದು ಮಕ್ಕಳು ಘಟಕದ ಬಳಿ ಹೋಗಿ ನೋಡಿ ಬರಬಹುದು. ಘಟಕ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಈ ಲೆಕ್ಕ ಒಯ್ಯಬೇಕಿಲ್ಲ. ಅದು ಕೊಡುವ ಶುದ್ಧ ನೀರು ಮಕ್ಕಳ ಎಲುಬನ್ನು ಕಾಪಾಡುತ್ತಿದೆ. ಅದರ ಜೊತೆಗೆ ಇನ್ನೂ ಒಂದು ಕೆಲಸ ಬಾಕಿ ಇದೆ ಎಂಬುದನ್ನು ಲೆಕ್ಕ ತೋರಿಸುತ್ತದೆ, ಅಷ್ಟೆ.

ಮಳೆ ನೀರು ಇದಕ್ಕೆ ಹೋಲಿಸಿ ಕಲಿಸಬೇಕಾದ ವಿಷಯ. ಗದಗ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ. 100 ಚದರ ಮೀಟರಿನ ಶಾಲಾ ಮಾಳಿಗೆಯ ಮೇಲೆ ಅಷ್ಟು ಮಳೆ ಬಿದ್ದರೆ 60,000 ಲೀಟರ್. ಐದರಲ್ಲೊಂದು ಪಾಲು ಸೋರಿ, ಆರಿ ಹೋದರೂ 48,000 ಲೀಟರ್ ಉಳಿಯುತ್ತದೆ. 200 ಮಕ್ಕಳಿಗೆ ದಿನಕ್ಕೆ ಎರಡು ಲೀಟರಿನಂತೆ 120 ದಿನ ಕುಡಿಯಲು ಅದು ಸಾಕು. ಮಳೆ ನೀರಿನ ಪಿಎಚ್ ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದಾಗಿ ಸುಮಾರು 5.6ಕ್ಕೆ ಇಳಿದಿರುತ್ತದೆ. ಸಿಮೆಂಟಿನ ತೊಟ್ಟಿಯಲ್ಲಿ ಕೆಲವು ವಾರ ನಿಂತರೆ ಏರುತ್ತದೆ. ಏಕೆ ಏರಿತು ಎಂದು ಕೇಳಿದರೆ ಆಮ್ಲ-ಪ್ರತ್ಯಾಮ್ಲದ ಅಧ್ಯಾಯ ಅಲ್ಲೇ ತೆರೆದುಕೊಳ್ಳುತ್ತದೆ. ಮೊದಲ ಮಳೆಯ ನೀರನ್ನು ಹೊರಬಿಡುವುದು, ತೊಟ್ಟಿಗೆ ಬೆಳಕು ಬೀಳದಂತೆ ಮುಚ್ಚುವುದು ಮುಂತಾದ ಎಚ್ಚರಗಳ ಕಾರಣವನ್ನೂ ಆಗ ಹೇಳಬಹುದು.

ಹಮ್ಮಿಗಿ ಬ್ಯಾರೇಜಿನಿಂದ ಗದಗ-ಬೆಟಗೇರಿಗೂ ಅನೇಕ ಹಳ್ಳಿಗಳಿಗೂ ಬರುವ ತುಂಗಭದ್ರೆಯ ನೀರು ಫ್ಲೋರೈಡ್‌ನ ಭಯ ಕಡಿಮೆ ಮಾಡಿದೆ. ಆದರೆ ನದಿಗೆ ಮೇಲಿನ ಊರುಗಳ ಕಥೆಯೂ ಇದೆ. ಹರಿಹರದ ಬಳಿಯ ಕುಮಾರಪಟ್ಟಣದಲ್ಲಿ ರೇಯಾನ್‌ಗೆ ಬೇಕಾದ ಮರದ ತಿರುಳು ತಯಾರಿಸುತ್ತಿದ್ದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ಧಾರವಾಡದ ಸಮಾಜ ಪರಿವರ್ತನ ಸಮುದಾಯ ದೊಡ್ಡ ಹೋರಾಟ ನಡೆಸಿತು. ಸಾವಯವ ಕಸ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗಿ ಮೀನು ಸಾಯುತ್ತವೆ ಎಂಬುದನ್ನು ಕಾರ್ಬನ್ ಸಂಯುಕ್ತಗಳ ಅಧ್ಯಾಯದಲ್ಲಿ ವಿವರಿಸುವಾಗ ಹೊರನಾಡಿನ ನದಿಯ ಹೆಸರು ಹೇಳಬೇಕಿಲ್ಲ. ಶಿರಹಟ್ಟಿ ಭಾಗದ ಮಕ್ಕಳಿಗೆ ಮಾಗಡಿ ಕೆರೆಯೂ ಹತ್ತಿರದಲ್ಲಿದೆ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುವ ಈ ಕೆರೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿ ಬರುವ ಮುಂಚೆ ಮತ್ತು ಹೋದ ಮೇಲೆ ನೀರಿನ ಪಿಎಚ್, ಬಣ್ಣ, ನೈಟ್ರೇಟ್ ನೋಡಿ ಬರೆದಿಡುವುದು ಎರಡು ಭೇಟಿಯಲ್ಲಿ ಮುಗಿಯುವ ಕೆಲಸ.

ಎರೆ ಹೊಲದ ಪಾಠ

ಎರೆ ಮಣ್ಣು ಸಾಮಾನ್ಯವಾಗಿ ಕ್ಷಾರೀಯ. ಪಿಎಚ್ 8ರ ಆಚೀಚೆ ಇರುವುದೇ ಹೆಚ್ಚು. ಅದರಲ್ಲಿನ ಸುಣ್ಣದ ಹರಳಿನ ಮೇಲೆ ನಿಂಬೆಹುಳಿ ಬಿಟ್ಟರೆ ನೊರೆ ಏಳುತ್ತದೆ. ಇಂಥ ಮಣ್ಣಿನಲ್ಲಿ ಸತು, ಕಬ್ಬಿಣ ಇದ್ದರೂ ಬೇರಿಗೆ ಎಟುಕದ ರೂಪದಲ್ಲಿ ಗಟ್ಟಿಯಾಗಿರುತ್ತವೆ. ಎಳೆ ಎಲೆ ಹಳದಿಯಾಗುವುದಕ್ಕೂ ಲವಣಗಳ ಕರಗುವಿಕೆಗೂ ಇರುವ ನಂಟನ್ನು ಹೊಲದ ಬದುವಿನ ಮೇಲೆ ನಿಂತು ಹೇಳಬಹುದು. 2015ರ ಫೆಬ್ರುವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ ಕಾರ್ಡು ಅನೇಕ ಮನೆಗಳಲ್ಲಿದೆ. ಅದರಲ್ಲಿನ 12 ಅಂಶಗಳು ಯಾವ ಪಠ್ಯಪುಸ್ತಕಕ್ಕೂ ಕಡಿಮೆಯಿಲ್ಲದ ರಸಾಯನವಿಜ್ಞಾನ. ಮಕ್ಕಳು ಮನೆಯ ಕಾರ್ಡು ತಂದು ಓದಿ, ಅದರ ಅರ್ಥವನ್ನು ಮನೆಯವರಿಗೆ ಹೇಳಿದರೆ ತರಗತಿಯ ಅರ್ಧ ಕೆಲಸ ಆದಂತೆ. ಗದಗ ತಾಲೂಕಿನ ಹುಲಕೋಟಿಯ ಕೆ. ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರ ಈ ಭಾಗದ ಶಾಲೆಗಳು ಮಕ್ಕಳನ್ನು ಕರೆದೊಯ್ಯಬಹುದಾದ ಹತ್ತಿರದ ಜಾಗ.

ಹಿಂಗಾರಿನ ಕಡಲೆ ಹೊಲ ಇಲ್ಲಿಯ ಮಕ್ಕಳಿಗೆ ಗೊತ್ತಿರುವ ಆಮ್ಲದ ಕಾರ್ಖಾನೆ. ಕಡಲೆ ಗಿಡದ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಒಸರುತ್ತವೆ. ನಸುಕಿನ ಇಬ್ಬನಿಯಲ್ಲಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಎಳೆದು, ಹಿಂಡಿ ಕಡಲಿ ಹುಳಿ ಮಾಡಿಟ್ಟುಕೊಳ್ಳುವ ರೂಢಿ ಹಳ್ಳಿಗಳಲ್ಲಿತ್ತು. ಆ ಬಟ್ಟೆಗೆ ಲಿಟ್ಮಸ್ ತಾಗಿಸಿದರೆ ಕೆಂಪಾಗುತ್ತದೆ. ಹೈಡ್ರೊಕ್ಲೋರಿಕ್ ಆಮ್ಲದ ಸೀಸೆ ತೆರೆಯುವ ಮೊದಲು ಈ ಹುಳಿ, ಪುಂಡಿ ಪಲ್ಯದ ಹುಳಿ, ಹುಣಸೆ, ಮಜ್ಜಿಗೆ ಇವುಗಳಿಂದ ಶುರುಮಾಡುವುದು ಅಗ್ಗವೂ ಹೌದು, ಸುರಕ್ಷಿತವೂ ಹೌದು.

ಗೊಬ್ಬರದ ಚೀಲವೂ ಒಂದು ಪಠ್ಯ. ಯೂರಿಯಾದ ಅಣುರಾಶಿ 60, ಅದರಲ್ಲಿ ಸಾರಜನಕ 28. ಚೀಲದ ಮೇಲಿನ ಶೇ 46 ಎಂಬ ಅಂಕೆ ಎಲ್ಲಿಂದ ಬಂತೆಂದು ಮಕ್ಕಳೇ ಕಂಡುಹಿಡಿಯಬಹುದು. 45 ಕಿಲೊ ಚೀಲದಲ್ಲಿ ಸಾರಜನಕ 20.7 ಕಿಲೊ. ಬೆಳೆ ಅಷ್ಟನ್ನೂ ತಿನ್ನುವುದಿಲ್ಲ. ಉಳಿದದ್ದರಲ್ಲಿ ಸ್ವಲ್ಪ ಅಮೋನಿಯ ಆಗಿ ಗಾಳಿಗೆ, ಸ್ವಲ್ಪ ನೈಟ್ರೇಟ್ ಆಗಿ ಬಾವಿಗೆ ಇಳಿಯುತ್ತದೆ. ಕ್ಷಾರೀಯ ಎರೆ ಮಣ್ಣಿನ ಮೇಲ್ಗಡೆ ಚೆಲ್ಲಿ ಬಿಟ್ಟರೆ ಅಮೋನಿಯ ಹೋಗುವುದು ಇನ್ನೂ ಹೆಚ್ಚು. ಇದು ಆಮ್ಲ-ಪ್ರತ್ಯಾಮ್ಲದ ಸಾಮಾನ್ಯ ನಿಯಮವೇ. ಕುಡಿಯುವ ನೀರಿನಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿ.ಗ್ರಾಂ. ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸುವುದು ಈ ಸೋರಿಕೆಯನ್ನು ನಿಧಾನಗೊಳಿಸಲೆಂದೇ.

ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಬೆಳೆಯುವ ಮನೆಗಳಲ್ಲಿ ಎಣ್ಣೆ ಹೊಡೆಯುವುದು ಎಂದರೆ ಕೀಟನಾಶಕ ಸಿಂಪಡಿಸುವುದು. ಡಬ್ಬಿಯ ಮೇಲಿನ ಬಣ್ಣದ ಗುರುತು ವಿಷದ ತೀವ್ರತೆ ಹೇಳುತ್ತದೆ: ಕೆಂಪು ಎಲ್ಲಕ್ಕಿಂತ ಹೆಚ್ಚು, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಖಾಲಿ ಡಬ್ಬಿಯಲ್ಲಿ ನೀರು ತುಂಬಿಡುವ ಮನೆಗಳಿರುವ ಊರಿನಲ್ಲಿ ಇದನ್ನು ಪಠ್ಯದ ಹೊರಗಿನ ವಿಷಯವೆಂದು ಬಿಡಲಾಗದು. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಸಿಂಪಡಿಸಿದ ಎಂಡೊಸಲ್ಫಾನ್ ಮತ್ತು 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಹಾಕಿದ ತಡೆ, ಕಾರ್ಬನ್-ಕ್ಲೋರಿನ್ ಬಂಧವಿರುವ ಸಂಯುಕ್ತಗಳು ಬೇಗ ಒಡೆಯದೆ ಉಳಿಯುವುದನ್ನು ಕನ್ನಡದ ನೆಲದಲ್ಲೇ ತೋರಿಸುವ ಕಹಿ ಪ್ರಸಂಗ.

ಕಪ್ಪತಗುಡ್ಡ

ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡಸಾಲು ಧಾರವಾಡ ಶಿಲಾವರ್ಗದ ಗದಗ ಪಟ್ಟಿಯ ಭಾಗ. ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಚಿನ್ನದ ಅದಿರುಗಳು ಇಲ್ಲಿವೆ. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳ ಕುರಿತು ಬರೆದರು. 20ನೇ ಶತಮಾನದ ಆರಂಭದಲ್ಲಿ ಕಬಲಾಯತಕಟ್ಟಿ ಸುತ್ತ ಚಿನ್ನದ ಗಣಿ ನಡೆದವು. ಔಷಧಿ ಸಸ್ಯಗಳಿಗೂ ಹೆಸರಾದ ಗುಡ್ಡವನ್ನು ಸರಕಾರ 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿ, ಮರುವರ್ಷ ಹಿಂತೆಗೆದುಕೊಂಡು, ಜನರ ಹೋರಾಟದ ಬಳಿಕ 2017ರಲ್ಲಿ ಮತ್ತೆ ಸಾರಿತು. 2019ರಲ್ಲಿ ಸುಮಾರು 244 ಚದರ ಕಿಲೊಮೀಟರ್ ವನ್ಯಜೀವಿ ಧಾಮವಾಯಿತು. ಈ ಹೋರಾಟದಲ್ಲೂ, ಅದಕ್ಕೂ ಮುಂಚೆ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಕಂಪನಿ ಕಟ್ಟಲಿದ್ದ ಉಕ್ಕಿನ ಕಾರ್ಖಾನೆಯ ವಿರುದ್ಧ ನಡೆದ ಚಳವಳಿಯಲ್ಲೂ ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂಚೂಣಿಯಲ್ಲಿದ್ದರು. ಪೋಸ್ಕೊ 2013ರ ಜುಲೈನಲ್ಲಿ ಹಿಂದೆ ಸರಿಯಿತು.

ಲೋಹ-ಅಲೋಹದ ಅಧ್ಯಾಯ ಕಲಿಸುವಾಗ ಇದನ್ನು ಬದಿಗಿಡುವುದು ಸುಲಭ, ಏಕೆಂದರೆ ಊರಿನಲ್ಲಿ ಇದರ ಬಗ್ಗೆ ಎರಡು ಮಾತಿದೆ. ಕೆಲಸ ಬರುತ್ತಿತ್ತು ಎನ್ನುವ ಮನೆಯ ಮಗುವೂ, ಹೊಲ ಉಳಿಯಿತು ಎನ್ನುವ ಮನೆಯ ಮಗುವೂ ಒಂದೇ ಬೆಂಚಿನಲ್ಲಿರುತ್ತವೆ. ಹಾಗಿರುವುದರಿಂದಲೇ ಇದು ತರಗತಿಗೆ ತಕ್ಕ ವಿಷಯ. ಸಂಖ್ಯೆಗಳಿಂದ ಆರಂಭಿಸಬಹುದು. ಊದುಕುಲುಮೆಯಲ್ಲಿ ಹೆಮಟೈಟ್ ಮತ್ತು ಕಾರ್ಬನ್ ಮಾನಾಕ್ಸೈಡ್ ಕೂಡಿದಾಗ 112 ಗ್ರಾಂ ಕಬ್ಬಿಣಕ್ಕೆ 132 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಅಂದರೆ ಸಮೀಕರಣದ ಪ್ರಕಾರವೇ ಒಂದು ಟನ್ ಕಬ್ಬಿಣಕ್ಕೆ ಸುಮಾರು 1.18 ಟನ್ ಅನಿಲ. ಸುಡುವ ಇಂಧನ, ಸಾಗಾಟದ ಲೆಕ್ಕ ಬೇರೆ. ಪೋಸ್ಕೊದ ವರ್ಷಕ್ಕೆ 60 ಲಕ್ಷ ಟನ್ ಉಕ್ಕಿನ ಯೋಜನೆಗೆ ಇದನ್ನು ಗುಣಿಸಿದರೆ 70 ಲಕ್ಷ ಟನ್ ದಾಟುತ್ತದೆ. ಮಗುವಿನ ಮನೆಯ ಸೈಕಲ್ಲು, ನೇಗಿಲು, ಗುಡ್ಡದ ಮೇಲಿನ ಗಾಳಿಯಂತ್ರದ ಕಂಬ ಎಲ್ಲವೂ ಉಕ್ಕಿನವೇ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಗುಜರಿ ಕಬ್ಬಿಣ ಮರುಕರಗಿಸುವಾಗ ಅದಿರಿನಿಂದ ಆಮ್ಲಜನಕ ಕಳಚುವ ಹಂತವೇ ಇರುವುದಿಲ್ಲವಾದ್ದರಿಂದ ಇಂಧನ ಎಷ್ಟೋ ಉಳಿಯುತ್ತದೆ ಎಂಬುದು ಅಲ್ಲಿಂದ ತಾನಾಗಿ ಬರುವ ಮುಂದಿನ ಪಾಠ.

ಚಿನ್ನದ ಲೆಕ್ಕ ಇನ್ನೂ ತೀಕ್ಷ್ಣ. ಟನ್ನಿಗೆ 3 ಗ್ರಾಂ ಚಿನ್ನವಿರುವ ಅದಿರು ಎಂದುಕೊಂಡರೆ ಒಂದು ಟನ್ ಕಲ್ಲನ್ನು ಹಿಟ್ಟು ಮಾಡಿ 3 ಗ್ರಾಂ ತೆಗೆದಾಗ ಉಳಿಯುವುದು 9,99,997 ಗ್ರಾಂ ಪುಡಿ. ಗದಗ ಪಟ್ಟಿಯ ಚಿನ್ನದ ಅದಿರಿನಲ್ಲಿ ಆರ್ಸೆನೊಪೈರೈಟ್ ಇದೆ. ಅಂದರೆ ಆ ಪುಡಿಯ ಜೊತೆಗೆ ಆರ್ಸೆನಿಕ್ ಮತ್ತು ಗಂಧಕವೂ ಹೊರಬರುತ್ತವೆ. ಗಾಳಿ, ನೀರು ತಾಗಿದ ಸಲ್ಫೈಡ್ ಆಮ್ಲವಾಗುತ್ತದೆ. ಚಿನ್ನ ಕರಗಿಸಲು ಬಳಸುವ ಸಯನೈಡಿನ ವಿಷಯವೂ ಇದೆ. ಮಳೆ ಬಂದರೆ ಆ ರಾಶಿಯಿಂದ ಹರಿಯುವ ನೀರು ಯಾವ ಹಳ್ಳ ಸೇರುತ್ತದೆ ಎಂದು ಮಕ್ಕಳು ತಾಲೂಕಿನ ನಕ್ಷೆಯ ಮೇಲೆ ಬೆರಳಾಡಿಸಿ ನೋಡಬಹುದು.

ಬೆಟಗೇರಿಯ ಬಣ್ಣ

ಬೆಟಗೇರಿ ನೇಕಾರರ ಊರು. ಹತ್ತಿಗೆ ಇಂದು ಸಾಮಾನ್ಯವಾಗಿ ಬಳಸುವ ರಿಯಾಕ್ಟಿವ್ ಬಣ್ಣ ಕ್ಷಾರೀಯ ನೀರಿನಲ್ಲಿ ನೂಲಿನ ಸೆಲ್ಯುಲೋಸ್ ಜೊತೆ ಬಂಧ ಕಟ್ಟುತ್ತದೆ. ಒಂದು ಪಾಲು ಮಾತ್ರ ನೀರಿನ ಜೊತೆಗೇ ಕ್ರಿಯೆ ನಡೆಸಿ ನೂಲಿಗೆ ಹಿಡಿಯದೆ, ಬಣ್ಣ ಏರಿಸಲು ಹಾಕಿದ ಉಪ್ಪಿನೊಂದಿಗೆ ಹೊರಹೋಗುತ್ತದೆ. ಹಳೆಯ ಬಣ್ಣವೊಂದನ್ನು ತರಗತಿಯಲ್ಲೇ ತೆಗೆಯಬಹುದು. ಜೋಳದ ಹೊಲದ ಅಂಚಿಗೆ ಹಾಕುವ ಕುಸುಬಿಯ ಒಣ ಹೂವನ್ನು ತಣ್ಣೀರಿನಲ್ಲಿ ತೊಳೆದರೆ ಹಳದಿ ಬಣ್ಣ ಹೋಗುತ್ತದೆ. ಉಳಿದ ಎಸಳನ್ನು ವಾಷಿಂಗ್ ಸೋಡಾದ ನೀರಿನಲ್ಲಿ ನೆನೆಸಿ ಸೋಸಿ, ಹತ್ತಿಬಟ್ಟೆ ಅದ್ದಿ, ನಿಂಬೆರಸ ಹಿಂಡಿದರೆ ಬಟ್ಟೆ ಗುಲಾಬಿಯಾಗುತ್ತದೆ. ಪ್ರತ್ಯಾಮ್ಲದಲ್ಲಿ ಕರಗುವ, ಆಮ್ಲದಲ್ಲಿ ಹೊರಬೀಳುವ ಸಂಯುಕ್ತಕ್ಕೆ ಇದಕ್ಕಿಂತ ಚೆಲುವಾದ ಉದಾಹರಣೆ ಪಠ್ಯದಲ್ಲಿಲ್ಲ. ಬಿಸಿಲಿಗೆ ಈ ಬಣ್ಣ ಬೇಗ ಮಾಸುತ್ತದೆ ಎಂಬುದನ್ನೂ ಮುಚ್ಚಿಡಬಾರದು. ಸಹಜವಾದದ್ದೆಲ್ಲ ಉತ್ತಮ, ರಾಸಾಯನಿಕವೆಲ್ಲ ಕೆಟ್ಟದ್ದು ಎಂಬ ನಂಬಿಕೆಯನ್ನು ರಸಾಯನವಿಜ್ಞಾನದ ಶಿಕ್ಷಕರು ಬೆಳೆಸಲಾಗದು.

ಶಾಲೆಯ ಪ್ರಯೋಗಾಲಯ

ಪಠ್ಯದ ಕೆಲವು ಪ್ರಯೋಗಗಳು ಸ್ವತಃ ಈ ದೃಷ್ಟಿಗೆ ಹೊಂದುವುದಿಲ್ಲ. ಲೆಡ್ ನೈಟ್ರೇಟ್ ಕಾಯಿಸಿ ಕಂದು ಹೊಗೆ ನೋಡುವುದು, ಲೆಡ್ ನೈಟ್ರೇಟಿಗೆ ಪೊಟ್ಯಾಸಿಯಂ ಅಯೊಡೈಡ್ ಸೇರಿಸಿ ಹಳದಿ ಗಸಿ ತೆಗೆಯುವುದು ಹತ್ತನೆಯ ತರಗತಿಯ ಮೊದಲ ಅಧ್ಯಾಯದಲ್ಲೇ ಇವೆ. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುವ ಲೋಹ, ಒಮ್ಮೆ ಗಟಾರಿಗೆ ಬಿದ್ದರೆ ಮಣ್ಣಿನಲ್ಲಿ ಉಳಿದುಬಿಡುತ್ತದೆ. ಗಸಿ ಬೀಳುವುದನ್ನು ತೋರಿಸಲು ಸುಣ್ಣದ ತಿಳಿನೀರು ಮತ್ತು ವಾಷಿಂಗ್ ಸೋಡಾ ಸಾಕು. ಬಣ್ಣ ಬೇಕೆಂದರೆ ಮೈಲುತುತ್ತದ ಕೆಲವು ಹನಿ ಸಾಕು, ಅದರ ಗಸಿಯನ್ನು ಒಂದೆಡೆ ಕೂಡಿಟ್ಟುಕೊಳ್ಳಬೇಕು. ವಿಭಜನೆಗೆ ಸುಣ್ಣದ ಕಲ್ಲೇ ಇದೆ. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಸುಟ್ಟರೆ 56 ಗ್ರಾಂ ಸುಣ್ಣ, 44 ಗ್ರಾಂ ಕಾರ್ಬನ್ ಡೈಆಕ್ಸೈಡ್. ಸುಣ್ಣದ ಭಟ್ಟಿಯಿಂದ ಸಿಮೆಂಟ್ ಕಾರ್ಖಾನೆಯವರೆಗೆ ಈ 44ರಿಂದ ತಪ್ಪಿಸಿಕೊಳ್ಳುವ ದಾರಿ ಸಮೀಕರಣದಲ್ಲಿಲ್ಲ.

ಅಳತೆಯನ್ನೇ ಕಿರಿದು ಮಾಡುವುದು ಎರಡನೆಯ ದಾರಿ. ದಕ್ಷಿಣ ಆಫ್ರಿಕಾದಲ್ಲಿ ಜಾನ್ ಬ್ರಾಡ್ಲಿ ಮತ್ತು ಸಂಗಡಿಗರು ರೂಪಿಸಿ, ಯುನೆಸ್ಕೊ ಹಲವು ದೇಶಗಳಿಗೆ ಒಯ್ದ ಸೂಕ್ಷ್ಮ ಪ್ರಮಾಣದ ಪ್ರಯೋಗಗಳಲ್ಲಿ ಪ್ರನಾಳದ ಬದಲು ಪ್ಲಾಸ್ಟಿಕ್ ತಟ್ಟೆಯ ಸಣ್ಣ ಗುಳಿಗಳು, ಮಿಲಿಲೀಟರುಗಳ ಬದಲು ಹನಿಗಳು. ಹಳ್ಳಿಯ ಶಾಲೆಯಲ್ಲಿ ಗುಳಿಗೆಯ ಖಾಲಿ ಪಟ್ಟಿ, ಔಷಧದ ಡ್ರಾಪರ್, ಸೂಜಿ ತೆಗೆದ ಹೊಸ ಸಿರಿಂಜ್ ಆ ಕೆಲಸ ಮಾಡುತ್ತವೆ. ಒಂದು ಪ್ರನಾಳದ ದ್ರಾವಣದಲ್ಲಿ ಇಡೀ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಪ್ರಯೋಗ ಮಾಡಬಹುದು. ಶಿಕ್ಷಕರು ಮೇಜಿನ ಮೇಲೆ ಮಾಡಿ ತೋರಿಸಿ ಮಕ್ಕಳು ದೂರದಿಂದ ನೋಡುವ ಪದ್ಧತಿಗೆ ಸಾಮಾನಿನ ಕೊರತೆಯೇ ಕಾರಣವಾದಲ್ಲಿ ಇದು ನೇರ ಉತ್ತರ. ಕಣ್ಣಿಗೆ ರಕ್ಷಣೆ, ಕೈ ತೊಳೆಯಲು ನೀರು ಆಗಲೂ ಬೇಕು.

ಶಿಕ್ಷಕರು, ಪರೀಕ್ಷೆ, ದಾಖಲೆ

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಭೌತವಿಜ್ಞಾನ-ಗಣಿತಕ್ಕೆ ಪಿಸಿಎಂ ಶಿಕ್ಷಕರು, ರಸಾಯನ-ಜೀವವಿಜ್ಞಾನಕ್ಕೆ ಸಿಬಿಝಡ್ ಶಿಕ್ಷಕರು. ಈ ಏರ್ಪಾಟು ಇಲ್ಲಿ ಅನುಕೂಲವೇ. ಫ್ಲೋರೈಡ್‌ನ ಲವಣವನ್ನೂ ಎಲುಬನ್ನೂ, ಯೂರಿಯಾವನ್ನೂ ಬೇರನ್ನೂ ಕಲಿಸುವವರು ಒಬ್ಬರೇ ಆಗಿರುತ್ತಾರೆ. ತೊಡಕು ಪರೀಕ್ಷೆಯದು. ಎಸ್‌ಎಸ್‌ಎಲ್‌ಸಿ ವಿಜ್ಞಾನದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, ಅದರಲ್ಲಿ ರಸಾಯನವಿಜ್ಞಾನ ಒಂದು ಪಾಲು. ಜನವರಿಯ ಹೊತ್ತಿಗೆ ತರಗತಿಗಳು ಹಳೆಯ ಪ್ರಶ್ನೆಪತ್ರಿಕೆಗಳ ಕಡೆ ತಿರುಗುತ್ತವೆ. ಆಂತರಿಕ ಮೌಲ್ಯಮಾಪನದ 20 ಅಂಕಗಳ ಚಟುವಟಿಕೆಗಳಲ್ಲಿ ನೀರಿನ ಪರೀಕ್ಷೆ, ಮಣ್ಣಿನ ಕಾರ್ಡು, ಡಬ್ಬಿಯ ಗುರುತುಗಳನ್ನು ಇಡಲು ಜಾಗವಿದೆ. ಚಾರ್ಟಿನ ಮೇಲೆ ಚಿತ್ರ ಅಂಟಿಸುವ ಚಟುವಟಿಕೆಗಿಂತ ಇವಕ್ಕೆ ಖರ್ಚೂ ಕಡಿಮೆ.

1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಕನ್ನಡದಲ್ಲಿ ಈ ಕೆಲಸಕ್ಕೆ ಬೇಕಾದ ಓದನ್ನು ಒದಗಿಸುತ್ತ ಬಂದಿದೆ. ಅದರ 'ಬಾಲವಿಜ್ಞಾನ' ಮಾಸಪತ್ರಿಕೆಯನ್ನು ಕಟ್ಟಿದವರಲ್ಲಿ ಜೆ. ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ ಮುಂತಾದವರಿದ್ದರು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ರಾಜ್ಯದ ಮಕ್ಕಳನ್ನು ಅಣಿಗೊಳಿಸುವ ಕೆಲಸವನ್ನೂ ಪರಿಷತ್ತು ಮಾಡಿದೆ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಸಮಸ್ಯೆಯೊಂದನ್ನು ತಂಡವಾಗಿ ಅಧ್ಯಯನ ಮಾಡಿ ವರದಿ ಒಪ್ಪಿಸುವ ಈ ಸಮಾವೇಶ ಸುಸ್ಥಿರತೆಯ ಬೋಧನೆಗೆ ಈಗಾಗಲೇ ಇರುವ ದಾರಿ.

ಶಾಲೆಯ ಅಳತೆಗೆ ಮಿತಿಯೂ ಇದೆ. ಕಿಟ್ಟಿನಲ್ಲಿ ಬಣ್ಣ ಹೋಲಿಸಿ ಓದಿದ ಫ್ಲೋರೈಡ್ ಅಂಕೆ ಅಂದಾಜು ಮಾತ್ರ. ಅದನ್ನು ನಂಬಿ ಯಾವ ಬಾವಿಯನ್ನೂ ಸುರಕ್ಷಿತವೆಂದು ಸಾರಬಾರದು. ಸಂಶಯ ಬಂದ ಮಾದರಿ ಸರಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಹೋಗಬೇಕು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಟಿದೆ. ಅವರನ್ನು ತರಗತಿಗೆ ಕರೆಸಿ ಮಕ್ಕಳ ಎದುರು ಪರೀಕ್ಷೆ ಮಾಡಿಸಿದರೆ ಶಾಲೆಗೆ ಹೊಸ ಕಿಟ್ಟೂ ಬೇಕಾಗದು. ಸಮಾವೇಶಕ್ಕೆ ಬರೆದ ವರದಿ ಮಕ್ಕಳೊಂದಿಗೆ ಶಾಲೆ ಬಿಟ್ಟು ಹೋಗುತ್ತದೆ. ಆದ್ದರಿಂದ ಅಂಕೆಗಳು ಮಾತ್ರ ವಿಜ್ಞಾನ ಕೊಠಡಿಯ ಒಂದು ರಿಜಿಸ್ಟರಿನಲ್ಲಿ, ಬಾವಿಯ ಹೆಸರು, ತಾರೀಖು, ಆ ವಾರದ ಮಳೆ, ಅಳೆದವರ ತರಗತಿ ಸಹಿತ ಉಳಿಯಬೇಕು. ಮುಂಗಾರಿನ ಮೊದಲು ಒಮ್ಮೆ, ಹಿಂಗಾರಿ ಕೊಯ್ಲಿನ ಹೊತ್ತಿಗೆ ಒಮ್ಮೆ ಅದೇ ಬಾವಿಗಳ ನೀರನ್ನು ಅದೇ ಕ್ರಮದಲ್ಲಿ ಅಳೆದರೆ, ಒಂಬತ್ತನೆಯ ತರಗತಿಗೆ ಹೊಸದಾಗಿ ಬಂದವರು ಹಿಂದಿನ ತಂಡಗಳ ಅಂಕೆಗಳ ಮೇಲೆ ತಮ್ಮ ರೇಖಾಚಿತ್ರ ಬಿಡಿಸಬಹುದು.